ಬುಡ್ತು ಅನ್ನದೆ ಉಳಿಸಿದ ಮಾತು

ನಮ್ಮ ಮನೆಯಲ್ಲಿ ಕೆಟ್ಟ ಮಾತಿಗೆ ಜಾಗವಿಲ್ಲ. ಕೆಟ್ಟ ಮಾತೆಂದರೆ ಬೈಗುಳವಲ್ಲ. ಬೈಗುಳ ಬೇಕಾದಷ್ಟಿದೆ, ನಮ್ಮ ಅತ್ತೆಯೊಬ್ಬರೇ ಒಂದು ಬೀದಿಗಾಗುವಷ್ಟು ಬೈಯಬಲ್ಲರು. ನಾನು ಹೇಳುತ್ತಿರುವುದು, ಮುಂದೆ ಆಗಬಾರದ್ದನ್ನು ಬಾಯಿಬಿಟ್ಟು ಹೇಳುವ ಮಾತು. ‘ಆ ಹುಲ್ಲಿನೊಳಗೆ ಹಾವಿದ್ದರೆ’ ಅಂತಲೋ, ‘ಏಣಿ ಜಾರಿದರೆ’ ಅಂತಲೋ ಬಾಯಿಂದ ಬಿದ್ದರೆ ಸಾಕು, ಅತ್ತೆ ಕೊಟ್ಟಿಗೆಯಲ್ಲಿದ್ದರೂ ಅಲ್ಲಿಂದಲೇ ಕೂಗುತ್ತಾರೆ: ‘ಬುಡ್ತು ಅನ್ನು.’ ನಾವು ‘ಬುಡ್ತು’ ಅನ್ನಬೇಕು. ಆ ಮಾತು ನಮ್ಮನ್ನು ಬಿಟ್ಟುಹೋಯಿತು, ಅಂಟಿಕೊಂಡಿಲ್ಲ ಅಂತ ಅರ್ಥ. ಅಸ್ತು ದೇವತೆಗಳು ಸದಾ ಮೇಲೆ ಓಡಾಡುತ್ತಿರುತ್ತಾರಂತೆ. ನಾವು ಒಳ್ಳೆಯದಂದರೂ ಅಸ್ತು, ಕೆಟ್ಟದ್ದಂದರೂ ಅಸ್ತು. ಅವರು ಅನ್ನುವ ಮೊದಲು ನಾವು ಬುಡ್ತು ಅಂದುಬಿಡಬೇಕು. ಇದು ನಾನು ಮದುವೆಯಾಗಿ ಬಂದ ಮೇಲೆ ಕಲಿತದ್ದೇನಲ್ಲ, ಹರದನಹಳ್ಳಿಯ ತವರಿನಲ್ಲಿ ನಮ್ಮವ್ವನೂ ಹಾಗೇ ಅನ್ನಿಸುತ್ತಿದ್ದಳು.

ಇಂಥ ಮನೆಯವಳನ್ನು ಕರೆದು, ಮುಂದೆ ನಿಮ್ಮೂರಿಗೆ ಏನೇನು ಬರಬಹುದು ಹೇಳಮ್ಮ ಅಂದರು.

ಆದದ್ದು ಹೀಗೆ. ನಮ್ಮೂರು ಗುಂಡ್ಲುಪೇಟೆಯಿಂದ ಹಂಗಳ ದಾಟಿ ಬಂಡೀಪುರಕ್ಕೆ ಹೋಗುವ ದಾರಿಯಲ್ಲಿದೆ. ಪಂಚಾಯಿತಿಯಲ್ಲಿ ನಮ್ಮ ಬೀದಿಯ ಸೀಟು ಹೆಂಗಸರಿಗೆ ಅಂತಾಯಿತು. ನಮ್ಮ ಯಜಮಾನರೂ ಅವರ ಸ್ನೇಹಿತರೂ ಜಗಲಿಯ ಮೇಲೆ ಕುಳಿತು ಕಾಫಿ ಕುಡಿಯುತ್ತ ನನ್ನ ಹೆಸರು ತೀರ್ಮಾನ ಮಾಡಿದರು. ಕಾಫಿ ಮಾಡಿಕೊಟ್ಟವಳು ನಾನೇ. ಲೋಟ ತೆಗೆದುಕೊಂಡು ಹೋಗಲು ಬಂದಾಗ ವಿಷಯ ತಿಳಿಯಿತು. ಎದುರಿಗೆ ಯಾರೂ ನಿಲ್ಲಲಿಲ್ಲ, ಅದೊಂದು ಮಾದಪ್ಪನ ದಯ. ಮತ ಕೇಳುತ್ತ ಮನೆಮನೆ ತಿರುಗುವುದು ತಪ್ಪಿತು.

ಗೆದ್ದ ಮೇಲೆ ಚಾಮರಾಜನಗರದಲ್ಲಿ ತರಬೇತಿ ಅಂದರು. ಬೆಳಿಗ್ಗೆ ಎದ್ದು ದೇವರ ಮನೆ ಒರೆಸಿ, ವಿಭೂತಿ ಇಟ್ಟುಕೊಂಡು, ಎಲ್ಲರಿಗೂ ಉಪ್ಪಿಟ್ಟು ಮಾಡಿಟ್ಟು, ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಾಯಿಸಿ ಹೋಗುವಷ್ಟರಲ್ಲಿ ನನಗೆ ಅರ್ಧ ದಿನದ ಸುಸ್ತಾಗಿತ್ತು. ಫ್ಯಾನಿನ ಕೆಳಗೆ ಕುರ್ಚಿ ಸಿಕ್ಕಿತು. ಪಕ್ಕದಲ್ಲಿ ಕುದೇರಿನ ಕಡೆಯ ಒಬ್ಬ ಸದಸ್ಯೆ, ನನ್ನ ವಯಸ್ಸಿನವರೇ, ಚಪ್ಪಲಿ ಕಳಚಿ ಕಾಲು ಮಡಚಿ ಆರಾಮಾಗಿ ಕುಳಿತಿದ್ದರು. ಅವರನ್ನು ನೋಡಿ ನಾನೂ ಹಾಗೇ ಕುಳಿತೆ.

ಪಾಠ ಹೇಳಲು ಬಂದ ಮೇಡಂ ಚಿಕ್ಕ ವಯಸ್ಸಿನವರು. ಬೋರ್ಡಿನ ಮೇಲೆ ‘ದೂರದೃಷ್ಟಿ ಯೋಜನೆ’ ಎಂದು ಬರೆದರು. ಕುದೇರಿನವರು ನನ್ನ ಕಿವಿಯಲ್ಲಿ, ‘ಹತ್ರದ್ ದೃಷ್ಟಿ ತೆಗ್ದೇ ಸಾಕಾಗ್ಯದೆ, ಇನ್ನು ದೂರದ್ದು ಬ್ಯಾರೆ’ ಅಂದರು. ನಗು ತಡೆಯಲು ಸೆರಗು ಬಾಯಿಗೆ ಇಟ್ಟುಕೊಂಡೆ.

ಮೇಡಂ ಹೇಳಿದ್ದು ಕಷ್ಟದ ವಿಷಯವೇನಲ್ಲ. ಹೊಸ ಯೋಜನೆ ಬರೆಯುವ ಮೊದಲು ಹಳೆಯದನ್ನು ತೂಗಿ ನೋಡಬೇಕು. ಹಿಂದಿನವರು ಏನು ಬರುತ್ತದೆ ಅಂದುಕೊಂಡಿದ್ದರು, ನಿಜವಾಗಿ ಏನು ಬಂತು, ನೋಡೋಣ ಅಂದರು. ನಮ್ಮ ಪಂಚಾಯಿತಿಯದನ್ನು ಓದಿದರು. ಸ್ವಾಗತ ಕಮಾನು, ಎತ್ತರದ ಕಂಬದ ದೀಪ, ಸಮುದಾಯ ಭವನ, ಸಿಮೆಂಟ್ ರಸ್ತೆ. ಕುದೇರಿನ ಕಡೆಯದೂ ಅದೇ, ಕಮಾನು ಮಾತ್ರ ಎರಡು.

‘ಇದರಲ್ಲಿ ಇಲ್ಲದ್ದು ಏನು ಬಂತು ನಿಮ್ಮೂರಿಗೆ?’ ಎಂದು ಕೇಳಿದರು.

‘ಕೊರೊನಾ ಬಂತು’ ಅಂದರೊಬ್ಬರು. ‘ಆನೆ ಬಂತು’ ಅಂದರು ಇನ್ನೊಬ್ಬರು. ನಾನು, ‘ಹೂವಿನ ಹೊಲಕ್ಕೆ ಕಾರು ಬಂದ್ವು ಮೇಡಂ’ ಅಂದೆ. ಎಲ್ಲರೂ ನಕ್ಕರು. ನಿಜ ಅದು. ರಸ್ತೆಯ ಬದಿಗೆ ಚೆಂಡುಹೂ ಬಿಟ್ಟರೆ ಸಾಕು, ಹೊರ ಊರಿನವರು ಕಾರು ಅಡ್ಡಾದಿಡ್ಡಿ ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುತ್ತಾರೆ. ಹೂವು ಬೆಳೆದವರು ಅದಕ್ಕೆ ದುಡ್ಡು ಇಸಿದುಕೊಳ್ಳುವುದೂ ಶುರುವಾಗಿದೆ.

‘ಸರಿ, ಇಂಥವನ್ನ ಯಾಕೆ ಮೊದಲೇ ಯೋಚನೆ ಮಾಡಿ ಬರೆಯಲಿಲ್ಲ?’ ಅಂದರು ಮೇಡಂ.

ಕುದೇರಿನವರೇ ಎದ್ದರು. ‘ಅಂಥದ್ನೆಲ್ಲ ಮುಂಚೇನೇ ಬರೆಯೋಕಾಯ್ತದಾ ಮೇಡಂ? ಬರದ್ರೆ ನಾವೇ ಕರದಂಗಲ್ವಾ.’

‘ಬರೀದಿದ್ರೆ ಬರೋದಿಲ್ವಾ?’

‘ಬತ್ತದೆ. ಆದ್ರೆ ನಮ್ಮ ಬಾಯಿಂದ ಬಂತು ಅನ್ನಂಗಿರೂದಿಲ್ಲ.’

ಮೇಡಂ ಗೇಲಿ ಮಾಡಲಿಲ್ಲ. ‘ನಿಮ್ಮ ನಿಮ್ಮ ಪದ್ಧತಿಯಲ್ಲಿ ಹೇಗೆ ಹೇಳಬಹುದೋ ಹಾಗೆ ಹೇಳಿ. ಹೇಳದೆ ಮಾತ್ರ ಇರಬೇಡಿ’ ಅಂದರು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಸೀಟು ಸಿಕ್ಕಿತು. ಊರು ಬರುವವರೆಗೂ ನಿದ್ದೆ ಮಾಡಿದೆ.

ನಮ್ಮೂರಿಗೆ ಜಾಗದ ವಿಷಯ ಬಂದದ್ದು ಎರಡು ವರ್ಷದ ಮೇಲೆ. ಊರೊಳಗಿನ ಅಂಗನವಾಡಿ ಹಳೆಯದು. ಮಳೆ ಬಂದರೆ ಮೂಲೆಯಲ್ಲಿ ಬಕೆಟ್ ಇಡಬೇಕು. ಇಪ್ಪತ್ತು ಮಕ್ಕಳು ಒಣಗಿದ ಕಡೆಗೆ ಸರಿದು ಸರಿದು ಕುಳಿತುಕೊಳ್ಳುತ್ತಿದ್ದವು. ನನ್ನ ಮಗನ ಮಗಳೂ ಆ ವರ್ಷ ಅಲ್ಲಿಗೆ ಹೋಗಲು ಶುರುಮಾಡಿದ್ದಳು. ಹೊಸ ಕಟ್ಟಡಕ್ಕೆ ಸರ್ಕಾರದ ಹಣವಿತ್ತು, ಊರೊಳಗೆ ಜಾಗವಿರಲಿಲ್ಲ. ಆಗ ನಮ್ಮೂರಿನ ಒಬ್ಬ ಹಿರಿಯರು, ನಾವೆಲ್ಲ ಮಾವ ಅನ್ನುವವರು, ತಮ್ಮ ಹೊಲದಲ್ಲಿ ಎರಡು ಗುಂಟೆ ದಾನ ಕೊಡುತ್ತೇನೆ ಅಂದರು. ತೀರಿಕೊಂಡ ಅವರ ತಂದೆಯ ಹೆಸರನ್ನು ಬಾಗಿಲ ಮೇಲೆ ಹಾಕಿಸಬೇಕು, ಅಷ್ಟೇ ಅವರು ಕೇಳಿದ್ದು. ಊರೆಲ್ಲ ಅವರನ್ನು ಹೊಗಳಿತು. ನಾನೂ ಹೊಗಳಿದೆ.

ಆ ಹೊಲ ಇದ್ದದ್ದು ದೊಡ್ಡ ರಸ್ತೆಯಾಚೆ. ಊರು ಈಚೆ.

ಆ ರಸ್ತೆಯ ಗುಣ ನಮಗೆ ಗೊತ್ತು. ಮುಂದೆ ಕಾಡಿದೆ. ರಾತ್ರಿಯಾದರೆ ಗೇಟು ಹಾಕುತ್ತಾರೆ, ಬೆಳಗಾಗುವವರೆಗೆ ಗಾಡಿ ಬಿಡುವುದಿಲ್ಲ. ಹಾಗಾಗಿ ಮಧ್ಯಾಹ್ನದ ಮೇಲೆ ಕೇರಳದ ಲಾರಿಗಳೂ ಊಟಿಯ ಕಾರುಗಳೂ ಗೇಟು ಹಾಕುವ ಮೊದಲು ದಾಟಬೇಕು ಅಂತ ಯಾರೋ ಬೆನ್ನು ಹತ್ತಿದಂತೆ ಓಡುತ್ತವೆ. ಅಂಗನವಾಡಿ ಬಿಡುವುದೂ ಮಧ್ಯಾಹ್ನದ ಮೇಲೆಯೇ. ಈಗಲೇ ಹೀಗೆ, ಹತ್ತು ವರ್ಷಕ್ಕೆ ರಸ್ತೆ ಇನ್ನೂ ಅಗಲವಾಗುತ್ತದೆ ಅಂತ ಎಲ್ಲರೂ ಅನ್ನುತ್ತಾರೆ. ಅಗಲವಾದರೆ ಚೆನ್ನ ಅಂತ ಅನ್ನುತ್ತಾರೆಯೇ ಹೊರತು, ಅಗಲವಾದರೆ ಮೂರು ವರ್ಷದ ಮಗು ಹೇಗೆ ದಾಟುತ್ತದೆ ಅಂತ ಯಾರೂ ಅನ್ನಲಿಲ್ಲ. ನನಗೆ ಹೊಳೆದಿತ್ತು. ಎಲ್ಲ ಹೆಂಗಸರಿಗೂ ಹೊಳೆದಿತ್ತು, ಅದು ಆಮೇಲೆ ಗೊತ್ತಾಯಿತು. ಬಾಯಿ ಬಿಡಬೇಕಲ್ಲ.

ಒಂದು ದಿನ ಊಟಕ್ಕೆ ಬಡಿಸುತ್ತ ಯಜಮಾನರಿಗೆ ಮೆಲ್ಲಗೆ ಅಂದೆ. ‘ಆ ಜಾಗ ಬ್ಯಾಡ ಅನ್ನುಸ್ತದೆ. ಮಕ್ಕಳು ರೋಡ್ ದಾಟುವಾಗ ಲಾರಿ ಗೀರಿ…’

‘ಬುಡ್ತು ಅನ್ನು’ ಅಂದರು ಅತ್ತೆ, ಮುದ್ದೆ ಮುರಿಯುತ್ತಿದ್ದ ಕೈ ಹಾಗೇ ನಿಲ್ಲಿಸಿ. ಅವರ ಮಗ್ಗುಲಲ್ಲೇ ಮೊಮ್ಮಗಳು ಕುಳಿತಿದ್ದಳು.

‘ಬುಡ್ತು’ ಅಂದೆ.

‘ಕೂಸ ಮುಂದ ಕೂರುಸ್ಕೊಂಡು ಅನ್ನೋ ಮಾತಾ ಅದು? ಮೆಂಬರ್ ಆಗ್ಬುಟ್ರೆ ನಾಲ್ಗೆಗೆ ಮೂಳೆ ಬಂದ್ಬುಡ್ತದಾ?’

ಯಜಮಾನರು, ‘ನಾಲ್ಗೆಗೆ ಮೂಳೆ ಬಂದ್ರೆ ಒಳ್ಳೇದೇ ಅಲ್ವಾ ಅವ್ವ, ಆಡದು ಕಮ್ಮಿಯಾಯ್ತದೆ’ ಅಂದರು. ಅತ್ತೆ ನಗಲಿಲ್ಲ. ಊಟವಾದ ಮೇಲೆ ಒಲೆಯ ಮುಂದೆ ಮೊಮ್ಮಗಳನ್ನು ಕೂರಿಸಿಕೊಂಡು ಉಪ್ಪು, ಮೆಣಸಿನಕಾಯಿ, ಪೊರಕೆಕಡ್ಡಿ ತಂದು ನಿವಾಳಿಸಿದರು. ‘ನಾಯಿ ಕಣ್ಣು, ನರಿ ಕಣ್ಣು, ಕಂಡವರ ಕಣ್ಣು, ಮನೆಯವರ ಕಣ್ಣು’ ಅಂದರು. ಮನೆಯವರ ಕಣ್ಣು ಅನ್ನುವಾಗ ನನ್ನ ಕಡೆ ನೋಡಿದರು. ಒಲೆಯಲ್ಲಿ ಮೆಣಸಿನಕಾಯಿ ಚಟಚಟ ಅಂದಿತು.

ಪಾತ್ರೆ ತೊಳೆಯುತ್ತ ನನಗೆ ಅನ್ನಿಸಿತು, ಅತ್ತೆ ಈಗ ಕೆಟ್ಟದ್ದನ್ನೆಲ್ಲ ಒಂದೊಂದಾಗಿ ಹೆಸರು ಹಿಡಿದು ಕರೆದರಲ್ಲ. ತೆಗೆದು ಬೆಂಕಿಗೆ ಹಾಕುವುದಾದರೆ ಹೆಸರು ಹೇಳಬಹುದು. ಹೆಸರು ಹೇಳದಿದ್ದರೆ ಯಾವುದನ್ನು ತೆಗೆಯುವುದು?

ಊರ ಹೆಂಗಸರ ಸಭೆ ಮಾದಪ್ಪನ ಗುಡಿಯ ಜಗಲಿಯಲ್ಲಿ ಸೇರಿದಾಗ ಅದನ್ನೇ ಹೇಳಿದೆ. ‘ಒಬ್ಬೊಬ್ಬರು ಮನಸ್ಸಲ್ಲಿರೋ ಒಂದೊಂದು ಕೆಟ್ಟದ್ದ ಹೇಳಿ. ಹೇಳುದ್ ತಕ್ಷಣ ಎಲ್ರೂ ಬುಡ್ತು ಅಂದ್ಬುಡನ. ದೇವ್ರ ಮುಂದೇನೇ ಇದ್ದೀವಿ.’ ಮೊದಲು ಅಂಗನವಾಡಿಯ ಟೀಚರ್ ಬಾಯಿ ಬಿಟ್ಟರು. ‘ರೋಡಾಚೆ ಹೋದ್ರೆ ಇಪ್ಪತ್ತು ಕೂಸುಗಳ್ನ ನಾನೂ ಸಹಾಯಕೀನೂ ನಾಲ್ಕು ಕೈಲಿ ಹೆಂಗೆ ಹಿಡಕೊಂಡು ದಾಟ್ಸದು? ಒಂದು ಕೈ ತಪ್ಪಿದ್ರೆ?’

‘ಬುಡ್ತು’ ಅಂದೆವು ಎಲ್ಲರೂ.

ಅಷ್ಟಾದ ಮೇಲೆ ಕಟ್ಟೆ ಒಡೆದಂತಾಯಿತು. ನೀರಿನ ಟ್ಯಾಂಕಿನ ಕಂಬ ಬಿರುಕು ಬಿಟ್ಟಿದೆ, ಬುಡ್ತು. ಬಾಳೆತೋಟಕ್ಕೆ ಬರುವ ಆನೆ ಶಾಲೆಯ ದಾರಿಗೂ ಬಂದರೆ, ಬುಡ್ತು. ಗಂಡಸರು ದೂರದಲ್ಲಿ ನಿಂತು, ‘ಭಜನೆ ಶುರುವಾಯ್ತು ಕಣ್ಲಾ’ ಅಂತ ನಕ್ಕರು. ನಗಲಿ ಅಂತ ಬಿಟ್ಟೆವು. ಮನೆಗೆ ಹೋಗುವಾಗ ಹೆಂಗಸರ ಮುಖ ಹಗುರಾಗಿತ್ತು. ನನಗೂ ಆ ದಿನ ಹೊಟ್ಟೆ ತುಂಬ ಊಟ ಸೇರಿತು.

ಅದನ್ನು ಬರೆದುಕೊಳ್ಳಲು ಪಂಚಾಯಿತಿಯ ಬಿಲ್ ಕಲೆಕ್ಟರ್ ಬಂದು ಕುಳಿತಿದ್ದ. ನಮ್ಮ ಕಡೆಯ ಹುಡುಗನೇ, ಮಕ್ಕಳಿರುವವನು. ಮುಂದಿನ ತಿಂಗಳು ಪಂಚಾಯಿತಿ ಆಫೀಸಿನಲ್ಲಿ ಯೋಜನೆ ಓದಿದರು. ಕಮಾನಿಗೆ ಬಣ್ಣ, ಇನ್ನೊಂದು ಎತ್ತರದ ದೀಪ, ರಸ್ತೆಯಾಚೆಯ ದಾನದ ಜಾಗದಲ್ಲಿ ಅಂಗನವಾಡಿ. ನಾವು ಹೇಳಿದ ಒಂದು ಮಾತೂ ಇರಲಿಲ್ಲ.

ಹೊರಗೆ ಬಂದ ಮೇಲೆ ಅವನನ್ನು ಹಿಡಿದೆ. ‘ಯಾಕಪ್ಪ, ನಾವು ಹೇಳಿದ್ದೆಲ್ಲ ಎಲ್ಲೋಯ್ತು?’

‘ಬರ್ಕೊಂಡಿದ್ದೆ ಅಕ್ಕ. ಆಮೇಲೆ ನೀವೇ ಎಲ್ರೂ ಸೇರ್ಕೊಂಡು ಒಂದೊಂದಕ್ಕೂ ಬುಡ್ತು ಬುಡ್ತು ಅಂದ್ರಲ್ಲ. ಬ್ಯಾಡ ಅಂತಾರೇನೋ ಅನ್ಕೊಂಡು ನಾನೂ ಬುಟ್ಬುಟ್ಟೆ.’

ನಾನು ಅವನ ಮುಖ ನೋಡಿದೆ. ಸುಳ್ಳು ಹೇಳುತ್ತಿದ್ದಾನೆ ಅನ್ನಿಸಲಿಲ್ಲ. ‘ನಿಮ್ಮವ್ವ ನಿಂಗೆ ಬುಡ್ತು ಅನ್ನಿಸ್ತಿರ್ಲಿಲ್ವಾ?’ ಅಂದೆ.

‘ಅನ್ನುಸ್ತಿದ್ಲು. ಅದಕ್ಕೇ ಅಕ್ಕ. ಬುಡ್ತು ಅಂದ್ಮೇಲೆ ಆ ಮಾತ ಮತ್ತೆ ಎತ್ತಬ್ಯಾಡ ಅಂತಿದ್ಲು.’

ಅದೂ ಸರಿಯೇ. ನಾನು ಅಲ್ಲೇ ಮೆಟ್ಟಿಲ ಮೇಲೆ ಕುಳಿತುಕೊಂಡೆ. ಬಿಟ್ಟುಹೋಗಲಿ ಅಂತ ನಾವೇ ಬೇಡಿಕೊಂಡಿದ್ದೆವು, ಹಾಗೇ ಬಿಟ್ಟುಹೋಗಿತ್ತು. ಜಾಗದ ತೀರ್ಮಾನಕ್ಕೆ ಇನ್ನೊಂದೇ ಸಭೆ ಉಳಿದಿತ್ತು. ಆ ಸಭೆಯಲ್ಲಿ ನಮ್ಮ ಮಾತು ಗಟ್ಟಿಯಾಗಿ ನಿಲ್ಲಬೇಕಾದರೆ ಯಾರಾದರೂ ಅದನ್ನು ಹೇಳಿ, ಬುಡ್ತು ಅನ್ನದೆ ಹಾಗೇ ಉಳಿಸಬೇಕು. ಟೀಚರಿಂದ ಹೇಳಿಸೋಣವೆಂದರೆ ಅವರದು ಕೆಲಸದ ಭಯ. ಬೇರೆ ಹೆಂಗಸರನ್ನು ಕೇಳಿದೆ. ‘ನಂಗೂ ಅನ್ನುಸ್ತದೆ ಅಕ್ಕ, ಆದ್ರೆ ನನ್ನ ಬಾಯಲ್ಲಿ ಬ್ಯಾಡ’ ಅಂದರು. ಅವರನ್ನು ದೂರುವುದು ಹೇಗೆ? ಎಲ್ಲರ ಮನೆಯಲ್ಲೂ ಕೂಸುಗಳಿವೆ.

ಸಭೆಯ ದಿನ ಸೋಮವಾರ. ಬೆಳಿಗ್ಗೆ ಪೂಜೆ ಮಾಡುವಾಗ ಮಾದಪ್ಪನಿಗೆ ಒಂದೇ ಮಾತು ಹೇಳಿದೆ, ನೀನು ಕೇಳಿಸ್ಕೊ, ಅಸ್ತು ಅನ್ನೋರಿಗೆ ಕೇಳಿಸಬೇಡ.

ಜಾಗದ ಮಾವನೂ ಬಂದಿದ್ದರು, ಬಿಳಿ ಪಂಚೆ ಉಟ್ಟು, ತಂದೆಯ ಫೋಟೋ ಇಟ್ಟುಕೊಂಡು. ಅಧ್ಯಕ್ಷರು ಜಾಗದ ವಿಷಯ ಓದಿ, ‘ಎಲ್ಲರ ಒಪ್ಪಿಗೆ ಅಂತ ಬರೀಲಾ?’ ಅಂದರು. ನಾನು ಎದ್ದು ನಿಂತೆ. ಮುಂದಿನ ಕುರ್ಚಿ ಹಿಡಿದುಕೊಂಡೆ.

‘ನನ್ನ ಒಪ್ಪಿಗೆ ಇಲ್ಲ’ ಅಂದೆ.

ಮಾವ ತಿರುಗಿ ನೋಡಿದರು. ‘ಯಾಕವ್ವ, ನಮ್ಮಪ್ಪನ ಹೆಸರಲ್ಲಿ ಮಕ್ಕಳ ಮನೆ ಆಗದು ನಿಂಗೆ ಬ್ಯಾಡ್ವಾ?’ ಅಂದರು. ಬೇಸರವಿತ್ತು, ಕೋಪವಿರಲಿಲ್ಲ. ಅದಕ್ಕೇ ಇನ್ನೂ ಕಷ್ಟವಾಯಿತು.

‘ನಿಮ್ಮಪ್ಪಾರ ಮೇಲೆ ನಂಗೂ ಗೌರವ ಅದೆ ಮಾವ. ಆದ್ರೆ ಮಧ್ಯಾಹ್ನದ ಮೇಲೆ ಆ ಲಾರಿಗಳು ಗೇಟ್ ಹಾಕ್ಬುಟ್ಟಾರು ಅಂತ ಹೆಂಗೆ ಬತ್ತವೆ, ನೀವೇ ನೋಡಿದ್ದೀರಿ. ರೋಡು ಇನ್ನೂ ದೊಡ್ಡದಾಯ್ತದೆ. ಅಲ್ಲಿ ಅಂಗನವಾಡಿ ಆದ್ರೆ ನನ್ನ ಮೊಮ್ಮಗಳು ಒಂದಿನ ಟೀಚರ ಕೈ ಬುಟ್ಟು ನಮ್ಮಟ್ಟಿ ಕಡೆ ಓಡಿ ಬತ್ತಾಳೆ. ಲಾರಿ ಅಡಿಗೆ ಸಿಕ್ತಾಳೆ.’

ಹಿಂದಿನಿಂದ ಯಾರೋ ಗಂಡಸರೇ, ‘ಬುಡ್ತು ಅನ್ನವ್ವ, ಬುಡ್ತು ಅನ್ನು’ ಅಂದರು.

‘ಅನ್ನೂದಿಲ್ಲ. ಮೊದ್ಲು ಬರ್ಕೊಳ್ಳಿ.’

ಬಿಲ್ ಕಲೆಕ್ಟರ್ ನನ್ನನ್ನೇ ನೋಡಿದ. ಅಧ್ಯಕ್ಷರನ್ನು ನೋಡಿದ. ಆಮೇಲೆ ತಲೆ ತಗ್ಗಿಸಿ ಬರೆದುಕೊಂಡ. ಅವನು ಬರೆದು ಮುಗಿಸುವವರೆಗೆ ನಾನು ಹಲ್ಲು ಕಚ್ಚಿಕೊಂಡು ನಿಂತಿದ್ದೆ. ಬಾಯಿ ಬಿಟ್ಟರೆ ಬುಡ್ತು ಅಂತ ತಾನಾಗಿಯೇ ಬಂದುಬಿಡುತ್ತಿತ್ತು, ಅಷ್ಟು ಅಭ್ಯಾಸ.

ಮಾವ ಫೋಟೋವನ್ನು ಟವಲಿನಲ್ಲಿ ಸುತ್ತಿಕೊಂಡರು. ‘ಒಂದು ಕೂಸಿನ ಹೆಸ್ರು ಹೇಳಿದ್ಮೇಲೆ ಆ ಜಾಗದಲ್ಲಿ ನಮ್ಮಪ್ಪನ ಹೆಸರು ಬ್ಯಾಡ ಬುಡಿ’ ಅಂದು ಎದ್ದು ಹೋದರು. ಅಲ್ಲಿಗೆ ಆ ಮಾತು ಮುಗಿಯಿತು.

ಮನೆಯಲ್ಲಿ ಮುಗಿಯಲಿಲ್ಲ. ನಾನು ಬರುವ ಮೊದಲೇ ಸುದ್ದಿ ಬಂದಿತ್ತು. ಊಟಕ್ಕೆ ಬಡಿಸಹೋದರೆ ಅತ್ತೆ ನನ್ನ ಕೈಯಿಂದ ತಟ್ಟೆ ಇಸಿದುಕೊಂಡರು, ಮುಖ ನೋಡಲಿಲ್ಲ. ಸೊಸೆ ಬಟ್ಟೆ ಮಡಚುತ್ತ ಬೆನ್ನು ತೋರಿಸಿಕೊಂಡೇ ಕೇಳಿದಳು, ‘ನನ್ನ ಕೂಸೇ ಬೇಕಿತ್ತಾ ಅತ್ತೆ ನಿಮ್ಗೆ?’

‘ಬ್ಯಾರೆಯವರ ಕೂಸ ಹೆಂಗಮ್ಮಿ ಹೇಳ್ಲಿ? ಅವರ ಅವ್ವದಿರು ನಂಗೆ ಶಾಪ ಹಾಕಾರು.’

‘ಬರೇ ಮಕ್ಕಳು ಅಂದಿದ್ರೆ ಆಗ್ತಿರ್ಲಿಲ್ವಾ?’

ಬರೀ ಮಕ್ಕಳು ಅಂದಿದ್ದರೆ ಯಾರೂ ಬರೆದುಕೊಳ್ಳುತ್ತಿರಲಿಲ್ಲ ಅನ್ನಬೇಕೆಂದಿದ್ದೆ. ಅನ್ನಲಿಲ್ಲ. ಅವಳು ಹೆತ್ತವಳು.

ಅದೇ ವಾರ ಮೊಮ್ಮಗಳಿಗೆ ಜ್ವರ ಬಂತು. ಊರಲ್ಲಿ ಅರ್ಧ ಮಕ್ಕಳಿಗೆ ಬಂದಿತ್ತು, ನೆಗಡಿ ಜ್ವರ. ಆದರೂ ನಮ್ಮ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಅವಳ ಹಣೆಯ ಮೇಲಿನ ಒದ್ದೆ ಬಟ್ಟೆ ಬದಲಾಯಿಸುವಾಗಲೆಲ್ಲ ಆ ಆಫೀಸಿನಲ್ಲಿ ನನ್ನ ಮಾತು ಹಾಗೇ ಕುಳಿತಿದೆ, ಹೋಗಿ ಅಳಿಸಿ ಬರಲಾ ಅನ್ನಿಸುತ್ತಿತ್ತು. ಗುಂಡ್ಲುಪೇಟೆಯ ಡಾಕ್ಟರು ಕೊಟ್ಟ ಸಿರಪ್ಪಿಗೆ ಜ್ವರ ಇಳಿಯಿತು. ಎದ್ದು ಮೊದಲು ಕೇಳಿದ್ದು ಬಿಸ್ಕತ್ತು. ಅತ್ತೆಯೇ ಕೊಟ್ಟರು. ಆ ದಿನ ನನ್ನ ಜೊತೆ ಒಂದು ಮಾತಾಡಿದರು, ‘ಹಾಲು ಉಕ್ತಾ ಅದೆ ನೋಡು’ ಅಂತ. ಅಷ್ಟು ಸಾಕಾಯಿತು ನನಗೆ.

ಹೊಸ ಕಟ್ಟಡದ ಹಣ ಆ ವರ್ಷ ವಾಪಸ್ಸು ಹೋಯಿತು. ಹಳೆಯದರ ಮೇಲೆ ತಗಡು ಹಾಕಿಸಿದೆವು. ಸೋರುವುದು ನಿಂತಿತು, ಬೇಸಿಗೆಯಲ್ಲಿ ಮಾತ್ರ ಒಳಗೆ ಕಾವಲಿಯಂತೆ ಕಾಯುತ್ತದೆ. ಟೀಚರ್ ನನ್ನನ್ನು ಕಂಡಾಗಲೆಲ್ಲ, ‘ಚೆನ್ನಾಗಿರೋ ಕಟ್ಟಡ ತಪ್ಪೋಯ್ತಲ್ಲ ಅಕ್ಕ’ ಅನ್ನುತ್ತಾರೆ. ಒಂದು ಕೈ ತಪ್ಪಿದರೆ ಅಂತ ಮೊದಲು ಅಂದವರು ಅವರೇ. ಈಗ ನೆನಪಿಲ್ಲ, ಸೆಕೆಯಲ್ಲಿ ಇರುವವರಿಗೆ ಹೇಗೆ ನೆನಪಿರುತ್ತದೆ? ಊರಿನವರೂ ಅನ್ನುತ್ತಾರೆ, ‘ನಿನ್ನ ಲಾರಿ ಇನ್ನೂ ಬರ್ಲೇ ಇಲ್ವಲ್ಲವ್ವ’ ಅಂತ. ಬರದೇ ಇರಲಿ ಅಂತಲೇ ಅಲ್ಲವೇ ನಾನು ಅಂದದ್ದು. ಹಾಗಂತ ಎಷ್ಟು ಜನಕ್ಕೆ ಬಿಡಿಸಿ ಹೇಳುವುದು, ನಕ್ಕು ಸುಮ್ಮನಾಗುತ್ತೇನೆ.

ನಮ್ಮ ಅವಧಿ ಮುಗಿಯುವ ಹೊತ್ತಿಗೆ ಯೋಜನೆ ಎಷ್ಟು ಉಪಯೋಗವಾಯಿತು ಅಂತ ನೋಡಲು ಅದೇ ಮೇಡಂ ಊರಿಗೆ ಬಂದರು. ದೀಪ ನೋಡಿದರು, ಕಮಾನು ನೋಡಿದರು. ಅಂಗನವಾಡಿಯ ಮುಂದೆ ನಿಂತು, ‘ಇಲ್ಲೇನು ಬದಲಾವಣೆ ಆಯ್ತು ಅಂತ ಬರೆಯಲಿ?’ ಅಂದರು. ತಗಡು ಹಾಕಿಸಿದ್ದನ್ನು ಹೇಳಿದೆ. ಅದು ರಿಪೇರಿ, ಅದಲ್ಲ, ಮುಂದಾಲೋಚನೆಯಿಂದ ಏನಾಯ್ತು ಹೇಳಿ ಅಂದರು. ಅಷ್ಟರಲ್ಲಿ ಸಹಾಯಕಿ ಬಾಗಿಲು ತೆಗೆದಳು. ಮಕ್ಕಳು ಬೀದಿಗೆ ಇಳಿದವು. ಯಾರೂ ಕೈ ಹಿಡಿದುಕೊಳ್ಳದೆ, ಒಂದೊಂದು ಒಂದೊಂದು ಬಾಗಿಲಿಗೆ ಹೋಗಿ ಸೇರಿಕೊಂಡವು.

‘ಇದೇ ಮೇಡಂ’ ಅಂದೆ. ‘ಮಕ್ಕಳು ತಾವೇ ನಡ್ಕೊಂಡು ಮನೆಗೆ ಹೋಯ್ತಾವೆ.’

‘ಮೊದಲೂ ಹೋಗ್ತಿದ್ರಲ್ಲ?’

‘ಹೂಂ, ಮೊದ್ಲೂ ಹೋಯ್ತಿದ್ವು.’

ಅವರು ಪೆನ್ನು ಹಿಡಿದುಕೊಂಡರು. ಬರೆದರೋ ಇಲ್ಲವೋ ನಾನು ನೋಡಲಿಲ್ಲ. ಮೊಮ್ಮಗಳು ನನ್ನ ಕಡೆಗೇ ಓಡಿ ಬರುತ್ತಿದ್ದಳು, ಚಪ್ಪಲಿ ಉಲ್ಟಾ ಹಾಕಿಕೊಂಡು.